ಓದುಮನೆಯ ಬಾಗಿಲು ತೆರೆದಿರಬೇಕಾದರೆ

ಮನ್ನಾಏಖೇಳ್ಳಿಯಲ್ಲಿ ಸ್ವಂತ ಮನೆಯುಳ್ಳ ಯಾರೇ ಆಗಲಿ, ಗ್ರಾಮ ಪಂಚಾಯಿತಿಗೆ ಮನೆಗಂದಾಯವನ್ನು ಸಲ್ಲಿಸುವಾಗ, ತಾವು ಓದುಬರಹ ಬಲ್ಲವರೋ ಅಲ್ಲವೋ, ಪುಸ್ತಕವೊಂದನ್ನು ಕೈಯಲ್ಲಿ ಹಿಡಿದವರೋ ಅಲ್ಲವೋ ಎಂಬ ವಿಚಾರಣೆಯೇ ಇಲ್ಲದೆ, ಊರಿನ ಗ್ರಂಥಾಲಯಕ್ಕೂ ಒಂದು ಪಾಲನ್ನು ಕೊಟ್ಟೇ ಹಿಂದಿರುಗುತ್ತಾರೆ. ಪಂಚಾಯಿತಿಯ ಆಸ್ತಿತೆರಿಗೆಯ ಮೇಲೆ ನಾಲ್ಕು ಬಗೆಯ ಉಪಕರಗಳುಂಟು: ಆರೋಗ್ಯಕ್ಕೆಂದು ನೂರಕ್ಕೆ 15, ಶಿಕ್ಷಣಕ್ಕೆಂದು 10, ಗ್ರಂಥಾಲಯಕ್ಕೆಂದು 6, ಭಿಕ್ಷುಕರ ಪರಿಹಾರಕ್ಕೆಂದು 3. ಸಾವಿರ ರೂಪಾಯಿಯ ತೆರಿಗೆ ಕಟ್ಟುವ ಮನೆಯಿಂದ ಗ್ರಂಥಾಲಯಕ್ಕೆ ಸಲ್ಲತಕ್ಕುದು ಅರವತ್ತು ರೂಪಾಯಿ. ಮೊತ್ತವು ಅಲ್ಪವೇ ಸರಿ. ಆದರೆ ಅನುದಾನವಿಲ್ಲ, ಆಯವ್ಯಯದಲ್ಲಿ ಕಡಿತವಾಗಿದೆ, ಮೇಲಿನಿಂದ ಹಣ ಬಂದಿಲ್ಲ ಎಂಬ ಕಾರಣಗಳನ್ನು ಮುಂದಿಟ್ಟು ಸಣ್ಣ ಊರುಗಳ ಓದುಮನೆಗಳಲ್ಲಿ ಪತ್ರಿಕೆಗಳನ್ನು ನಿಲ್ಲಿಸುವ, ಹೊಸ ಪುಸ್ತಕಗಳನ್ನು ಮರೆಯುವ, ಮೇಲ್ವಿಚಾರಕರ ಗೌರವಧನವನ್ನು ತಿಂಗಳುಗಟ್ಟಲೆ ತಡೆಹಿಡಿಯುವ ವಾಡಿಕೆಯು ಬೆಳೆದುಬಂದಿರುವಾಗ, ಈ ಅರವತ್ತು ರೂಪಾಯಿಯ ಅರ್ಥವನ್ನು ನಾವು ಸ್ಪಷ್ಟವಾಗಿ ತಿಳಿಯಬೇಕಾಗಿದೆ. ಗ್ರಂಥಾಲಯವು ಸರ್ಕಾರದ ಧರ್ಮಛತ್ರವಲ್ಲ. ಅದು ಊರಿನವರು ತಮ್ಮ ಹಣದಿಂದಲೇ ಕಟ್ಟಿಕೊಂಡು, ಇನ್ನೊಬ್ಬರ ಕೈಯಲ್ಲಿ ನ್ಯಾಸವಾಗಿ ಇಟ್ಟಿರುವ ಸೊತ್ತು.

ಬೀದರ ಜಿಲ್ಲೆಯಲ್ಲಿ ಬಹುಕಾಲ ಹುಮನಾಬಾದ ತಾಲ್ಲೂಕಿಗೆ ಸೇರಿದ್ದು ಇತ್ತೀಚೆಗೆ ಹೊಸ ಚಿಟಗುಪ್ಪ ತಾಲ್ಲೂಕಿಗೆ ಸಂದಿರುವ ಈ ಊರು, ಪುಣೆಯಿಂದ ಹೈದರಾಬಾದಿಗೆ ಸಾಗುವ 65ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಹಗಲಿರುಳೂ ಲಾರಿಗಳು ಹರಿಯುವ ಇಂತಹ ದಾರಿಯ ಊರುಗಳಿಗೆ ಒಂದು ವಿಚಿತ್ರವಾದ ದುರದೃಷ್ಟವುಂಟು: ಜಗತ್ತೆಲ್ಲವೂ ಅವುಗಳ ಮುಂದೆಯೇ ಹಾದುಹೋಗುತ್ತದೆ, ಆದರೆ ಚಹಾದ ಬಟ್ಟಲು ಬರಿದಾಗುವಷ್ಟು ಹೊತ್ತು ಮಾತ್ರ ನಿಲ್ಲುತ್ತದೆ. ಸುತ್ತಣ ಹೊಲಗಳಲ್ಲಿ ತೊಗರಿ, ಸೋಯಾ, ಉದ್ದು, ಜೋಳಗಳನ್ನು ಬೆಳೆಯುವ ಒಕ್ಕಲುಮಕ್ಕಳು, ಮನೆಯಲ್ಲಿ ಕನ್ನಡವನ್ನೋ ಉರ್ದುವನ್ನೋ ಮರಾಠಿಯನ್ನೋ ಆಡುತ್ತ, ಪೇಟೆಗೆ ಬಂದೊಡನೆ ಈ ಮೂರನ್ನೂ ಬೆರೆಸಿ ವ್ಯವಹರಿಸುವ, ತೆಲುಗನ್ನೂ ತಕ್ಕಮಟ್ಟಿಗೆ ಬಲ್ಲ ಜನರು, ಪದವಿಯನ್ನು ಮುಗಿಸಿ ಕಾನ್‌ಸ್ಟೇಬಲ್, ಶಿಕ್ಷಕ, ಗ್ರಾಮ ಆಡಳಿತಾಧಿಕಾರಿ ಮೊದಲಾದ ಹುದ್ದೆಗಳ ಪರೀಕ್ಷೆಗೆ ಕಟ್ಟಬೇಕೆಂದಿದ್ದರೂ ಧಾರವಾಡಕ್ಕೆ ಹೋಗಿ ಕೋಚಿಂಗ್ ಪಡೆಯುವ ಶಕ್ತಿಯಿಲ್ಲದ ತರುಣರು, ಮನೆಯಿಂದ ಅಷ್ಟು ದೂರ ಕಳುಹಿಸಿಕೊಡಲು ತಂದೆತಾಯಿಗಳು ಒಪ್ಪದ ಹೆಣ್ಣುಮಕ್ಕಳು, ಇವರೆಲ್ಲರಿಗೂ ಶುಲ್ಕವಿಲ್ಲದೆ, ಪರಿಚಯಪತ್ರವಿಲ್ಲದೆ, ಏನನ್ನೂ ಕೊಳ್ಳಬೇಕೆಂಬ ಒತ್ತಾಯವಿಲ್ಲದೆ ಗಂಟೆಗಟ್ಟಲೆ ಕುಳಿತುಕೊಳ್ಳಬಹುದಾದ ಸಾರ್ವಜನಿಕ ಸ್ಥಳವು ಓದುಮನೆಯನ್ನು ಬಿಟ್ಟರೆ ಮತ್ತಾವುದಿದೆ?

ಇಂತಹ ಊರಿನ ಓದುಮನೆಯಲ್ಲಿ ಒಂದು ದಿನಪತ್ರಿಕೆಯ ಆಯುಷ್ಯವನ್ನು ಗಮನಿಸಿದವರಿಗೆ ಅದರ ಉಪಯೋಗವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಬೆಳಿಗ್ಗೆ ಪತ್ರಿಕೆ ಮೇಜಿನ ಮೇಲೆ ಬಿದ್ದೊಡನೆ ಅದರ ಹಾಳೆಗಳು ಬೇರೆ ಬೇರೆ ಕೈಗಳಿಗೆ ಹಂಚಿಹೋಗುತ್ತವೆ. ಮುಖಪುಟವು ಹಿರಿಯರಿಗೆ, ಧಾರಣೆಯ ಪುಟವು ತೊಗರಿಯನ್ನು ಇಂದೇ ಮಾರುವುದೋ ಇನ್ನೊಂದು ವಾರ ತಡೆಯುವುದೋ ಎಂದು ತೂಗಿನೋಡುತ್ತಿರುವ ರೈತನಿಗೆ, ಉದ್ಯೋಗದ ಜಾಹೀರಾತುಳ್ಳ ಹಾಳೆಯು, ಅರ್ಜಿಯ ಕೊನೆಯ ದಿನಾಂಕವನ್ನು ಅಂಗೈಯ ಮೇಲೆಯೇ ಬರೆದುಕೊಳ್ಳುವ ತರುಣನಿಗೆ, ಕ್ರೀಡೆಯ ಪುಟವು ಶಾಲೆಯ ಗಂಟೆ ಬಾರಿಸುವವರೆಗೆ ಮಾತ್ರ ಬಿಡುವುಳ್ಳ ಹುಡುಗರಿಗೆ. ಸಂಜೆ ಎಲ್ಲರೂ ಎದ್ದುಹೋದ ಮೇಲೆ, ಬೆಂಚಿನ ಕೆಳಗೆ ಬಿದ್ದ ಹಾಳೆಯನ್ನೂ ಕಿಟಕಿಯ ಬಳಿ ಉಳಿದ ಹಾಳೆಯನ್ನೂ ಹುಡುಕಿ ತಂದು, ಪುಟಸಂಖ್ಯೆಯಂತೆ ಜೋಡಿಸಿ, ಮೂಲೆಗೆ ಪಿನ್ನು ಚುಚ್ಚಿ, ಹಿಂದಿನ ದಿನದ ಪತ್ರಿಕೆಯ ಮೇಲೆ ಇಡುವವರು ಗ್ರಂಥಾಲಯದ ಮೇಲ್ವಿಚಾರಕರು. ಮೂರು ತಿಂಗಳಾದ ಮೇಲೆ ಯಾರೋ ಒಬ್ಬರು ಬಂದು, ಆ ಪತ್ರಿಕೆಯ ಕಟ್ಟಿನಲ್ಲಿ ನೇಮಕಾತಿಯ ಪ್ರಕಟಣೆಯನ್ನೋ ಬೆಳೆವಿಮೆಯ ಸುದ್ದಿಯನ್ನೋ ಹುಡುಕಿಕೊಡಿರೆಂದು ಕೇಳುವುದುಂಟು. ಈ ಸಾಮಾನ್ಯವಾದ ದೈನಂದಿನ ಕಾರ್ಯವು ನಿಂತುಹೋದರೆ ಅದರ ಲೆಕ್ಕವು ಯಾವ ವರದಿಯಲ್ಲಿಯೂ ಕಾಣುವುದಿಲ್ಲ.

ಸಾರ್ವಜನಿಕ ಗ್ರಂಥಾಲಯವು ಅಧಿಕಾರಿಗಳ ಕೃಪೆಯನ್ನು ಅವಲಂಬಿಸಬಾರದು, ಶಾಸನದ ಬಲದಿಂದ ನಿಲ್ಲಬೇಕು ಎಂಬ ವಿಚಾರವನ್ನು ನಮ್ಮ ದೇಶದಲ್ಲಿ ಬಿಡದೆ ಪ್ರತಿಪಾದಿಸಿದವರು ಎಸ್. ಆರ್. ರಂಗನಾಥನ್ ಅವರು. ಅವರ ಪ್ರಯತ್ನದ ಫಲವಾಗಿ ಮದರಾಸು ಪ್ರಾಂತದಲ್ಲಿ 1948ರಲ್ಲಿ ಗ್ರಂಥಾಲಯ ಕಾಯಿದೆಯು ಬಂದಿತು. ಅಂದು ಆ ಪ್ರಾಂತದಲ್ಲಿದ್ದ ದಕ್ಷಿಣ ಕನ್ನಡದವರು ಅದರ ವ್ಯಾಪ್ತಿಗೆ ಸೇರಿದರು. ಬೀದರ, ಗುಲ್ಬರ್ಗ, ರಾಯಚೂರುಗಳಿದ್ದ ಹೈದರಾಬಾದು ರಾಜ್ಯದಲ್ಲಿ ಅಂತಹ ಕಾಯಿದೆಯು 1955ರಲ್ಲಿ ಆಯಿತು. ಮರುವರ್ಷವೇ ರಾಜ್ಯಗಳು ಪುನರ್ವಿಂಗಡಣೆಗೊಂಡು, ಈ ಸೀಮೆಯು ವಿಶಾಲ ಮೈಸೂರಿನಲ್ಲಿ ಐಕ್ಯವಾಯಿತು. ಇಡೀ ರಾಜ್ಯಕ್ಕೆ ಏಕರೂಪವಾದ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು ಅಂಗೀಕೃತವಾದುದು 1965ರಲ್ಲಿ. ಮೊದಲು ತೆರಿಗೆಯ ರೂಪಾಯಿಗೆ ಮೂರು ಪೈಸೆಯಂತಿದ್ದ ಗ್ರಂಥಾಲಯ ಉಪಕರವು ಅನಂತರ ಆರು ಪೈಸೆಗೆ ಏರಿತು. ಬೀದರ ಜಿಲ್ಲೆಯವರಿಗೆ ಹೀಗೆ ಶಾಸನಬದ್ಧವಾದ ಗ್ರಂಥಾಲಯದ ಹಕ್ಕು, ಹಳೆಯ ಮೈಸೂರಿನವರಿಗಿಂತ ಹತ್ತು ವರ್ಷ ಮೊದಲೇ ಒದಗಿತ್ತೆಂಬುದನ್ನು ಇಲ್ಲಿಯವರೇ ಮರೆತಿದ್ದಾರೆ. ಹಿಂದುಳಿದ ಸೀಮೆಯೆಂಬ ಹೆಸರನ್ನು ಹೊತ್ತು ಕೇಳುವುದೇ ಅಭ್ಯಾಸವಾಗಿರುವ ನಮಗೆ, ಈ ಒಂದು ವಿಷಯದಲ್ಲಿ ನಾವು ಮುಂದಿದ್ದೆವೆಂದು ಹೇಳಿಕೊಳ್ಳುವ ಅವಕಾಶವಿದೆ.

ಹಾಗಾದರೆ ಕೊರತೆಯು ಎಲ್ಲಿಂದ ಬಂದಿತು? ಕಾಯಿದೆಯು ಕೊಟ್ಟ ಹಣವು ಕಾಯಿದೆ ಹೇಳಿದ ಸ್ಥಳಕ್ಕೆ ತಲಪದಿರುವುದೇ ಅದರ ಒಂದು ಮೂಲ. ರಾಜಧಾನಿಯ ಮಹಾನಗರ ಪಾಲಿಕೆಯು ಆಸ್ತಿತೆರಿಗೆಯೊಡನೆ ವಸೂಲು ಮಾಡಿದ ಗ್ರಂಥಾಲಯ ಉಪಕರದಲ್ಲಿ ನೂರಾರು ಕೋಟಿ ರೂಪಾಯಿಗಳು ಗ್ರಂಥಾಲಯ ಇಲಾಖೆಗೆ ಸಲ್ಲದೆ ಬಾಕಿ ನಿಂತ ಸಂಗತಿಯು ವೃತ್ತಪತ್ರಿಕೆಗಳಲ್ಲಿ ವರ್ಷ ವರ್ಷವೂ ಚರ್ಚೆಯಾಗಿದೆ. ಇಲಾಖೆಯ ಸಗಟು ಖರೀದಿಯು ಕಾಲಕ್ಕೆ ಸರಿಯಾಗಿ ನಡೆಯದೆ, ನಡೆದರೂ ಹಣ ಪಾವತಿಯಾಗದೆ ಕನ್ನಡದ ಪ್ರಕಾಶಕರು ಮೊರೆಯಿಟ್ಟದ್ದೂ ಹೊಸ ಸುದ್ದಿಯಲ್ಲ. ಗ್ರಾಮಗಳಲ್ಲಿಯ ತೊಡಕು ಬೇರೆ ಬಗೆಯದು. ಅಲ್ಲಿ ತೆರಿಗೆಯೇ ಪೂರ್ತಿಯಾಗಿ ವಸೂಲಾಗುವುದಿಲ್ಲ. ವಸೂಲಾದ ಹಣವೂ ಒಂದೇ ಹುಂಡಿಗೆ ಬಿದ್ದು, ಬೀದಿದೀಪದ ವಿದ್ಯುತ್ತಿಗೆ, ನೀರಿನ ಮೋಟರಿನ ದುರಸ್ತಿಗೆ ಕರಗಿಹೋಗುತ್ತದೆ. ಬೇಸಿಗೆಯಲ್ಲಿ ಮೋಟರು ಸುಟ್ಟರೆ ಕೊಡ ಹಿಡಿದ ಹೆಂಗಸರು ಪಂಚಾಯಿತಿಯ ಮುಂದೆ ಬಂದು ನಿಲ್ಲುವರು. ಗ್ರಂಥಾಲಯಕ್ಕೆ ಬರುತ್ತಿದ್ದ ಪತ್ರಿಕೆ ನಿಂತರೆ ಓದುಗನು ಮೌನವಾಗಿ ಮನೆಗೆ ಹಿಂದಿರುಗುವನು. ಹಣವು ಕೂಗಿನ ಕಡೆಗೆ ಹರಿಯುವುದು ಸಹಜವಾಗಿರುವುದರಿಂದಲೇ, ಕೂಗದವರ ಪಾಲನ್ನು ಕಾಯಿದೆಯು ಪ್ರತ್ಯೇಕವಾಗಿ ತೆಗೆದಿರಿಸಿತು. ಆ ಪ್ರತ್ಯೇಕತೆಯನ್ನು ಅಳಿಸಿಹಾಕಿದರೆ ಉಪಕರಕ್ಕೂ ಉಳಿದ ತೆರಿಗೆಗೂ ಭೇದವೇನು?

ಜ್ಞಾನಭಂಡಾರಕ್ಕೆ ಪ್ರತ್ಯೇಕವಾದ ವೃತ್ತಿಯನ್ನು ತೆಗೆದಿರಿಸುವ ಪದ್ಧತಿಯು ಈ ನಾಡಿಗೆ ಹೊಸದಲ್ಲ. ಬಸವಕಲ್ಯಾಣವು ಕಲ್ಯಾಣಪುರವೆಂಬ ಹೆಸರಿನಿಂದ ಚಾಲುಕ್ಯರ ರಾಜಧಾನಿಯಾಗಿದ್ದ ಕಾಲದಲ್ಲಿ, ತ್ರೈಲೋಕ್ಯಮಲ್ಲನೆಂಬ ಬಿರುದುಳ್ಳ ಒಂದನೆಯ ಸೋಮೇಶ್ವರನ ಆಳ್ವಿಕೆಯಲ್ಲಿ, ಇಂದಿನ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಒಂದು ಘಟಿಕಾಸ್ಥಾನವಿದ್ದಿತು. 1058ರ ಅಲ್ಲಿಯ ಶಾಸನವು ವೇದಶಾಸ್ತ್ರಗಳನ್ನು ಕಲಿಯುತ್ತಿದ್ದ ನೂರಾರು ವಿದ್ಯಾರ್ಥಿಗಳ, ಅವರಿಗೆ ಪಾಠ ಹೇಳುತ್ತಿದ್ದ ಉಪಾಧ್ಯಾಯರ ವ್ಯವಸ್ಥೆಯನ್ನು ಹೇಳುವುದರ ಜೊತೆಗೆ, ಪುಸ್ತಕಗಳನ್ನು ನೋಡಿಕೊಳ್ಳುತ್ತಿದ್ದ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಅವರ ಜೀವನಕ್ಕಾಗಿ ಬಿಟ್ಟ ಭೂಮಿಯನ್ನೂ ದಾಖಲೆ ಮಾಡಿದೆ. ಆ ವಿದ್ಯೆಯು ಸರ್ವರಿಗೂ ತೆರೆದಿದ್ದುದಲ್ಲವೆಂಬುದು ನಿಜ. ಜಾತಿಯ ಬಾಗಿಲನ್ನು ದಾಟಿದವರಿಗಷ್ಟೆ ಅದು ಲಭ್ಯವಾಗಿತ್ತು, ಮತ್ತು ಆ ಬಾಗಿಲನ್ನು ಪ್ರಶ್ನಿಸಿದ ಶರಣರು ಅದೇ ಕಲ್ಯಾಣದಲ್ಲಿ ಮುಂದಿನ ಶತಮಾನದಲ್ಲಿ ಕೂಡಿದರು. ಆದರೆ ದತ್ತಿಯನ್ನು ಬರೆಯಿಸಿದವರ ವ್ಯವಹಾರಜ್ಞಾನವನ್ನು ನಾವು ಮೆಚ್ಚಲೇಬೇಕು. ಓಲೆಗರಿಯನ್ನು ಕಾಯುವವರಿಗೆ ಹೊಟ್ಟೆಗೆ ದಾರಿಯಿಲ್ಲದಿದ್ದರೆ ಓಲೆಗರಿಯು ಗೆದ್ದಲಿನ ಪಾಲಾಗುವುದೆಂಬುದನ್ನು ಅವರು ಬಲ್ಲವರಾಗಿದ್ದರು. ಅದಕ್ಕೆಂದೇ ಭಂಡಾರಿಗರ ವೃತ್ತಿಯನ್ನು ರಾಜನ ಅಂದಂದಿನ ಚಿತ್ತವೃತ್ತಿಗೆ ಬಿಡದೆ, ಕಲ್ಲಿನ ಮೇಲೆ ಕೊರೆಯಿಸಿದರು.

ಇಂದಿನ ಗ್ರಾಮೀಣ ಗ್ರಂಥಾಲಯದ ಮೇಲ್ವಿಚಾರಕರ ಸ್ಥಿತಿಯನ್ನು ಆ ಏರ್ಪಾಟಿನ ಪಕ್ಕದಲ್ಲಿಟ್ಟು ನೋಡಿದರೆ ಸಂಕೋಚವಾಗುತ್ತದೆ. ಬಹುಕಾಲ ಅವರನ್ನು ದಿನಕ್ಕೆ ಕೆಲವೇ ಗಂಟೆಗಳ ಅಂಶಕಾಲಿಕರೆಂದು ಎಣಿಸಿ, ಸಂಬಳವೆಂಬ ಹೆಸರನ್ನೂ ಕೊಡದೆ ಗೌರವಧನವೆಂದು ಕರೆಯಲಾಯಿತು. ತಿಂಗಳಿಗೆ 7,000 ರೂಪಾಯಿಯಷ್ಟಿದ್ದ ಆ ಮೊತ್ತವು, ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ 12,000ಕ್ಕೆ ಏರಿತು. ಕನಿಷ್ಠ ವೇತನಕ್ಕಾಗಿಯೂ ಸೇವಾಭದ್ರತೆಗಾಗಿಯೂ ಅವರು ಮತ್ತೆ ಮತ್ತೆ ಧರಣಿ ಕೂಡಬೇಕಾಯಿತು. ಮೊತ್ತವು ಎಷ್ಟೇ ಇರಲಿ, ಅದು ತಿಂಗಳು ತಿಂಗಳಿಗೆ ಕೈಸೇರದಿದ್ದರೆ ಕಿರಾಣಿ ಅಂಗಡಿಯವನ ಮುಂದೆ ಅದಕ್ಕೆ ಬೆಲೆಯಿಲ್ಲ. ಸಂಬಳವು ತಡೆದುದರಿಂದ ಮೇಲ್ವಿಚಾರಕರು ಬೇರೊಂದು ಕೂಲಿಯನ್ನು ಹಿಡಿದರೆ, ಗ್ರಂಥಾಲಯದ ಬಾಗಿಲು ಅವರ ಬಿಡುವನ್ನು ನೋಡಿ ತೆರೆಯುತ್ತದೆ. ಎರಡು ಸಲ ಬಂದು ಬೀಗವನ್ನು ಕಂಡ ಓದುಗನು ಮೂರನೆಯ ಸಲ ಬರುವುದಿಲ್ಲ. ಓದುಗರು ಬರುವುದಿಲ್ಲವೆಂಬ ವರದಿಯನ್ನು ಆಧಾರವಾಗಿಟ್ಟು ಮರುವರ್ಷ ಮತ್ತಷ್ಟು ಕಡಿತವು ಆಗುತ್ತದೆ. ಮೇಲ್ವಿಚಾರಕರ ಗೌರವಧನದಲ್ಲಿ ಉಳಿತಾಯ ಮಾಡುವುದೆಂದರೆ ಬಿತ್ತನೆಗೆ ಇಟ್ಟ ತೊಗರಿಯನ್ನು ಬೇಯಿಸಿ ಉಂಡಂತೆ. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳಲ್ಲಿ ಮೊದಲನೆಯದು ಪುಸ್ತಕವಿರುವುದು ಬಳಕೆಗಾಗಿ ಎಂಬುದು. ಆ ಸೂತ್ರವನ್ನು ವಿವರಿಸುವಾಗ ಅವರು ಗ್ರಂಥಾಲಯದ ಸ್ಥಳ, ಅದು ತೆರೆದಿರುವ ವೇಳೆ, ಅದರ ಸಿಬ್ಬಂದಿ ಇವುಗಳನ್ನೇ ವಿಸ್ತಾರವಾಗಿ ಚರ್ಚಿಸಿರುವುದು ಅರ್ಥಪೂರ್ಣವಾಗಿದೆ.

ಇದಕ್ಕೆ ವ್ಯತಿರಿಕ್ತವಾಗಿ, ಎಂತಹ ಮುಗ್ಗಟ್ಟಿನ ಕಾಲದಲ್ಲಿಯೂ ಕಟ್ಟಡಕ್ಕೆ ಹೇಗೋ ಹಣವು ಹುಟ್ಟುತ್ತದೆ. ಕಟ್ಟಡಕ್ಕೆ ಶಂಕುಸ್ಥಾಪನೆಯುಂಟು, ಉದ್ಘಾಟನೆಯುಂಟು, ಹೆಸರುಗಳನ್ನು ಕೆತ್ತಿದ ಫಲಕವುಂಟು, ಗುತ್ತಿಗೆದಾರರ ಆಸಕ್ತಿಯುಂಟು. ಪ್ರತಿ ತಿಂಗಳ ಪತ್ರಿಕೆಯ ಬಿಲ್ಲಿಗೆ ಇವಾವುವೂ ಇಲ್ಲ. ಗೋಡೆಯ ಮೇಲೆ ಕವಿಗಳ ಚಿತ್ರಗಳನ್ನು ಬಣ್ಣ ಬಣ್ಣವಾಗಿ ಬರೆಯಿಸಿ, ಒಳಗೆ ಹತ್ತು ವರ್ಷದ ಹಿಂದಿನ ಮಾರ್ಗದರ್ಶಿಗಳನ್ನೇ ಇಟ್ಟುಕೊಂಡಿರುವ ಓದುಮನೆಗಳನ್ನು ನಾವು ನೋಡಿಲ್ಲವೆ? ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿಯು ಸಾವಿರಾರು ಗ್ರಂಥಾಲಯಗಳಿಗೆ ಕಟ್ಟಡವನ್ನು ಕಟ್ಟಿಸಿಕೊಟ್ಟಾಗ ವಿಧಿಸುತ್ತಿದ್ದ ಷರತ್ತೊಂದು ಇಲ್ಲಿ ಸ್ಮರಣೀಯವಾದುದು: ಕಟ್ಟಡಕ್ಕೆ ತಾನು ಕೊಟ್ಟ ಹಣದ ಹತ್ತನೆಯ ಒಂದು ಭಾಗದಷ್ಟನ್ನು, ಊರಿನ ಪೌರಾಡಳಿತವು ತನ್ನ ತೆರಿಗೆಯಿಂದ ಪ್ರತಿ ವರ್ಷವೂ ನಿರ್ವಹಣೆಗಾಗಿ ತೆಗೆದಿಡುವ ಪ್ರತಿಜ್ಞೆ ಮಾಡಬೇಕು. ಅಷ್ಟು ದೊಡ್ಡ ದಾನಿಯೂ ಸಹ ದಾನದ ಮೇಲೆ ವಿಶ್ವಾಸವಿಡದೆ ತೆರಿಗೆಯ ಮೇಲೆ ವಿಶ್ವಾಸವಿಟ್ಟನು. ನಮ್ಮ ಶಾಸಕರ ನಿಧಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ನಿಧಿಗಳಿಂದ ಗ್ರಂಥಾಲಯದ ಕೊಠಡಿಗಳು ಏಳುವುದಾದರೆ, ಅವುಗಳಿಗೂ ಇಂತಹದೊಂದು ಷರತ್ತು ಅಂಟಿಕೊಂಡಿರಲಿ.

ಕೈಯಲ್ಲಿ ಮೊಬೈಲು ಇರುವಾಗ ಗ್ರಂಥಾಲಯವು ಏಕೆ ಎಂದು ಕೇಳುವವರು ಇರುವರು. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆಯೇ ಡಿಜಿಟಲ್ ಗ್ರಂಥಾಲಯವನ್ನು ತೆರೆದಿದೆಯಲ್ಲವೆ ಎಂದೂ ಅವರು ಹೇಳಬಹುದು. ಆ ಪ್ರಯತ್ನವು ಶ್ಲಾಘ್ಯವೇ. ಕೋವಿಡ್ ಕಾಲದಲ್ಲಿ ಅದು ಅನೇಕರಿಗೆ ಆಸರೆಯಾಯಿತು. ಆದರೆ ಒಂದೇ ಮೊಬೈಲಿರುವ ಮನೆಯಲ್ಲಿ ಅದು ತಂದೆಯೊಡನೆ ಹೊಲಕ್ಕೆ ಹೋಗುತ್ತದೆ, ಅಣ್ಣನೊಡನೆ ಪೇಟೆಗೆ ಹೋಗುತ್ತದೆ. ಮಗಳ ಕೈಗೆ ಬರುವಾಗ ರಾತ್ರಿಯಾಗಿರುತ್ತದೆ. ಇಷ್ಟೂ ಅಲ್ಲದೆ, ಎರಡು ಕೋಣೆಗಳ ಮನೆಯಲ್ಲಿ ಏಳೆಂಟು ಜನರ ನಡುವೆ ಕುಳಿತು ಓದುವವಳಿಗೆ ಬೇಕಾಗಿರುವುದು ಪುಸ್ತಕಕ್ಕಿಂತಲೂ ಹೆಚ್ಚಾಗಿ ಒಂದು ಮೇಜು, ಒಂದು ದೀಪ, ಎರಡು ಗಂಟೆಗಳ ನಿಶ್ಶಬ್ದ. ಸರ್ಕಾರಕ್ಕೂ ಇದು ತಿಳಿಯದ ಸಂಗತಿಯಲ್ಲ. 5,600ಕ್ಕೂ ಮಿಕ್ಕ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿದ ಮೇಲೆ, ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವನ್ನು ಕೊಟ್ಟುದು, ಅನೇಕ ಕಡೆಗಳಲ್ಲಿ ಕಂಪ್ಯೂಟರುಗಳನ್ನು ಒದಗಿಸಿದುದು, ಅವುಗಳನ್ನು ‘ಅರಿವು ಕೇಂದ್ರ’ಗಳೆಂದು ಹೊಸದಾಗಿ ರೂಪಿಸಿದುದು ಇವೆಲ್ಲವೂ ಸರಿಯಾದ ದಿಕ್ಕಿನ ಹೆಜ್ಜೆಗಳೇ ಆಗಿವೆ. ಆರಂಭದ ಉತ್ಸಾಹವು ವರ್ಷಾವಧಿಯ ವೆಚ್ಚವಾಗಿ ಪರಿಣಮಿಸುವುದೋ ಇಲ್ಲವೋ ಎಂಬುದೊಂದೇ ಉಳಿದಿರುವ ಶಂಕೆ.

ದಾನಿಗಳು ಮುಂದೆ ಬರಲಿ, ಸ್ವಯಂಸೇವಕರು ನಡೆಸಲಿ ಎಂಬ ಇನ್ನೊಂದು ಮಾತುಂಟು. ಪಾಂಡವಪುರದ ಸಮೀಪದ ಹರಳಹಳ್ಳಿಯಲ್ಲಿ ಅಂಕೇಗೌಡರು ಸಕ್ಕರೆ ಕಾರ್ಖಾನೆಯ ನೌಕರಿಯ ಗಳಿಕೆಯನ್ನೂ ಮೈಸೂರಿನ ಸ್ವಂತ ನಿವೇಶನವನ್ನೂ ಪುಸ್ತಕಗಳಿಗೆ ಸುರಿದು ಲಕ್ಷಾಂತರ ಗ್ರಂಥಗಳ ಪುಸ್ತಕದ ಮನೆಯನ್ನು ಕಟ್ಟಿದರು. ಮೈಸೂರಿನ ರಾಜೀವನಗರದಲ್ಲಿ ಕೂಲಿ ಮಾಡಿ ಗ್ರಂಥಾಲಯ ನಡೆಸುತ್ತಿದ್ದ ಸೈಯದ್ ಇಸಾಕ್ ಅವರ ಸಾವಿರಾರು ಪುಸ್ತಕಗಳು 2021ರಲ್ಲಿ ಬೆಂಕಿಗೆ ಆಹುತಿಯಾದಾಗ ನಾಡೆಲ್ಲವೂ ಮರುಗಿತು. ಇಂತಹವರಿಗೆ ನಾವು ಕೈಮುಗಿಯಬೇಕು. ಆದರೆ ಊರಿಗೊಬ್ಬರು ಅಂಕೇಗೌಡರು ಹುಟ್ಟಿಬರುವರೆಂದು ನಂಬಿ ಕಾಯಿದೆಯನ್ನು ಸಡಿಲಿಸಬಾರದು. ಬ್ರಿಟನ್ನಿನಲ್ಲಿ 2010ರಿಂದ ಹತ್ತು ವರ್ಷಗಳ ಅವಧಿಯಲ್ಲಿ, ಮಿತವ್ಯಯದ ನೀತಿಯಿಂದಾಗಿ 800ರಷ್ಟು ಗ್ರಂಥಾಲಯಗಳು ಮುಚ್ಚಿಹೋದುವು; ಸ್ವಯಂಸೇವಕರ ಕೈಗೆ ಬಂದುವು ಹಲವು. ಬಿಡುವೂ ಅನುಕೂಲವೂ ಉಳ್ಳವರ ಊರಿನಲ್ಲಿ ಅಂತಹವು ಬದುಕಬಲ್ಲವು, ಇಲ್ಲದವರ ಊರಿನಲ್ಲಿ ಬದುಕುವುದು ಕಷ್ಟ. ಜನರ ಸಹಭಾಗಿತ್ವವೇ ಬೇಡವೆಂದು ಇದರ ಅರ್ಥವಲ್ಲ. ಕೇರಳದಲ್ಲಿ ಪಿ. ಎನ್. ಪಣಿಕ್ಕರ್ ಅವರು 1945ರಲ್ಲಿ ಆರಂಭಿಸಿದ ಗ್ರಂಥಶಾಲಾ ಸಂಘಟನೆಯು ಊರೂರಿನ ಓದುಮನೆಗಳನ್ನು ಒಂದು ಸೂತ್ರದಲ್ಲಿ ಬಂಧಿಸಿತು. 1989ರ ಕಾಯಿದೆಯ ಮೇಲೆ ನಿಂತ ಗ್ರಂಥಾಲಯ ಮಂಡಳಿಯು ಸ್ಥಳೀಯರ ಸಮಿತಿಗಳು ನಡೆಸುವ ಗ್ರಂಥಾಲಯಗಳಿಗೆ ಸರ್ಕಾರದ ಅನುದಾನವನ್ನು ಹಂಚುತ್ತದೆ. ಅಲ್ಲಿ ಜನರ ದುಡಿಮೆಯು ಸರ್ಕಾರದ ಹಣಕ್ಕೆ ಬದಲಿಯಾಗಿ ಬಂದುದಲ್ಲ, ಜೊತೆಯಾಗಿ ಬಂದುದು.

ನಮ್ಮ ಸೀಮೆಯಲ್ಲಿಯೂ ಜನರು ಓದಿಗಾಗಿ ದುಡಿದ ಪರಂಪರೆಯು ಕಡಿಮೆಯದಲ್ಲ. ನಿಜಾಮರ ಕಾಲದಲ್ಲಿ, ಆಡಳಿತದ ಭಾಷೆಯೂ ಶಿಕ್ಷಣದ ಭಾಷೆಯೂ ಉರ್ದುವೇ ಆಗಿದ್ದಾಗ, ಭಾಲ್ಕಿಯ ಡಾ. ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದರು. ಮರೆಯಲ್ಲಿ ನಡೆಸಬೇಕಾಗಿದ್ದ ಆ ಕಾರ್ಯಕ್ಕೆ ಇಂದು ಕಾಯಿದೆಯ ಬೆಂಬಲವಿದೆ, ತೆರಿಗೆಯ ಆಧಾರವಿದೆ. ಅವರ ಕಾಲದಲ್ಲಿ ಇಲ್ಲದಿದ್ದ ಹಕ್ಕು ನಮಗಿದೆ. ಅದನ್ನು ಚಲಾಯಿಸತಕ್ಕ ಸ್ಥಳವು ಗ್ರಾಮಸಭೆ. ಉಪಕರವೆಂದು ಬೇಡಿಕೆಯಾದುದೆಷ್ಟು, ವಸೂಲಾದುದೆಷ್ಟು, ಗ್ರಂಥಾಲಯಕ್ಕೆ ವೆಚ್ಚವಾದುದೆಷ್ಟು ಎಂಬ ಮೂರು ಅಂಕಿಗಳನ್ನು ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಓದಿಹೇಳಲಿ. ಗ್ರಂಥಾಲಯದ ಗೋಡೆಯ ಮೇಲೆಯೂ ಬರೆಯಿಸಲಿ. ಉಪಕರಕ್ಕೆ ಪ್ರತ್ಯೇಕ ಖಾತೆಯಿರಲಿ. ಹೆದ್ದಾರಿಯ ಇಕ್ಕೆಲಗಳಲ್ಲಿ ಎದ್ದಿರುವ ಧಾಬಾ, ಗೋದಾಮು, ವಾಣಿಜ್ಯ ಮಳಿಗೆಗಳಿಗೆ ನ್ಯಾಯವಾಗಿ ತೆರಿಗೆ ನಿರ್ಣಯವಾಗಿ ವಸೂಲಾದರೆ ಗ್ರಂಥಾಲಯದ ಪಾಲೂ ತಾನಾಗಿಯೇ ಬೆಳೆಯುವುದು. ಪುಸ್ತಕಗಳನ್ನು ಕೊಳ್ಳುವ ಶಕ್ತಿ ಸಾಲದಿದ್ದರೆ, ನೆರೆಯ ನಾಲ್ಕೈದು ಪಂಚಾಯಿತಿಗಳು ಕೂಡಿ, ಒಂದೊಂದೂ ಬೇರೆ ಬೇರೆ ಪುಸ್ತಕಗಳನ್ನು ತರಿಸಿ, ಮೂರು ತಿಂಗಳಿಗೊಮ್ಮೆ ಪೆಟ್ಟಿಗೆಗಳನ್ನು ಬದಲಾಯಿಸಿಕೊಳ್ಳಲಿ. ಒಂದರ ವೆಚ್ಚದಲ್ಲಿ ಐದರ ಓದು ದೊರೆಯುವುದು. ಕನ್ನಡದ ಪತ್ರಿಕೆಗಳ ಜೊತೆಗೆ ಉರ್ದು, ಮರಾಠಿಗಳ ಒಂದೊಂದು ಪತ್ರಿಕೆಯೂ ಮೇಜಿನ ಮೇಲಿರಲಿ. ತೆರಿಗೆಯನ್ನು ಎಲ್ಲ ಭಾಷೆಯವರೂ ಕಟ್ಟುತ್ತಾರೆ.

ಹೀಗೆಂದ ಮಾತ್ರಕ್ಕೆ ಸರ್ಕಾರದ ಹೊಣೆಯು ತಪ್ಪುವುದಿಲ್ಲ. ಸ್ವಂತ ಆದಾಯದಿಂದಲೇ ಗ್ರಂಥಾಲಯವನ್ನು ನಡೆಸಿಕೊಳ್ಳಿರೆಂದು ಪಂಚಾಯಿತಿಗಳಿಗೆ ಹೇಳುವುದು ಕೇಳಲು ಸ್ವಾವಲಂಬನೆಯ ಉಪದೇಶದಂತಿದ್ದರೂ, ಫಲದಲ್ಲಿ ಅದು ಅಸಮಾನತೆಗೆ ಹಾಕಿದ ಮುದ್ರೆಯಾಗುತ್ತದೆ. ಬೆಂಗಳೂರಿನ ಅಂಚಿನಲ್ಲಿ ಬಹುಮಹಡಿಗಳೂ ಕಾರ್ಖಾನೆಗಳೂ ಇರುವ ಪಂಚಾಯಿತಿಯ ನೂರಕ್ಕೆ ಆರಕ್ಕೂ, ಮಣ್ಣಿನ ಮನೆ, ತಗಡಿನ ಮನೆಗಳೇ ಹೆಚ್ಚಾಗಿರುವ ಬೀದರ ಜಿಲ್ಲೆಯ ಪಂಚಾಯಿತಿಯ ನೂರಕ್ಕೆ ಆರಕ್ಕೂ ಹೋಲಿಕೆಯೇ ಇಲ್ಲ. ಪುಸ್ತಕದ ಅಂಗಡಿಯಿಲ್ಲದ ಊರಿನಲ್ಲಿಯೇ ಗ್ರಂಥಾಲಯದ ಅಗತ್ಯವು ಹೆಚ್ಚು, ಮತ್ತು ಅಂತಹ ಊರಿನಲ್ಲಿಯೇ ತೆರಿಗೆಯ ಹುಟ್ಟುವಳಿಯು ಕಡಿಮೆ. ಈ ಅಂತರವನ್ನು ತುಂಬಲೆಂದೇ ರಾಜ್ಯವೆಂಬುದೊಂದು ಇದೆ. ಸಂವಿಧಾನದ 371 ಜೆ ವಿಧಿಯು ಈ ಪ್ರದೇಶಕ್ಕೆ ವಿಶೇಷ ಅವಕಾಶಗಳನ್ನು ಕಲ್ಪಿಸಿ, ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿಯನ್ನು ಕೊಟ್ಟಿದೆ. ಆ ಮೀಸಲಾದ ಹುದ್ದೆಯ ಪರೀಕ್ಷೆಗೆ ಕೂರುವ ತರುಣನಿಗೆ ಓದಲು ಒಂದು ಕೋಣೆಯನ್ನೂ ಕೊಡದಿದ್ದರೆ ಆ ಅವಕಾಶವು ಯಾರ ಪಾಲಾಗುವುದು?

ಆಯವ್ಯಯದಲ್ಲಿ ಮುಗ್ಗಟ್ಟು ಬರುವುದೇ ಇಲ್ಲವೆಂದು ಯಾರೂ ಭಾವಿಸಲಾರರು. ಬರಗಾಲವೂ ಬರುತ್ತದೆ, ಪ್ರವಾಹವೂ ಬರುತ್ತದೆ, ಖಜಾನೆಯೂ ಬರಿದಾಗುತ್ತದೆ. ಕಡಿತವು ಅನಿವಾರ್ಯವಾದಾಗ ಅದು ಯಾವ ಕ್ರಮದಲ್ಲಿ ಆಗತಕ್ಕದ್ದೆಂಬುದನ್ನು ಮುಂಚಿತವಾಗಿಯೇ ನಿಶ್ಚಯಿಸಿ ಬರೆದಿಡುವುದು ವಿವೇಕ. ಮೊದಲು ಸಮಾರಂಭಗಳು ನಿಲ್ಲಲಿ. ಅನಂತರ ಗೋಡೆಯ ಬಣ್ಣ, ಹೊಸ ಪೀಠೋಪಕರಣ, ಕಟ್ಟಡದ ವಿಸ್ತರಣೆ. ಅದಕ್ಕೂ ಆಚೆ ಹೋಗಬೇಕಾದರೆ ಒಂದು ವರ್ಷದ ಮಟ್ಟಿಗೆ ಹೊಸ ಪುಸ್ತಕಗಳ ಖರೀದಿ. ಪತ್ರಿಕೆಯನ್ನು ಮುಟ್ಟಕೂಡದು, ತೆರೆಯುವ ವೇಳೆಯನ್ನು ಕುಗ್ಗಿಸಕೂಡದು, ಮೇಲ್ವಿಚಾರಕರ ಸಂಬಳವು ತಿಂಗಳ ಮೊದಲ ವಾರವನ್ನು ದಾಟಕೂಡದು. ಈಗ ನಡೆಯುತ್ತಿರುವುದು ಸರಿಯಾಗಿ ಇದರ ತಲೆಕೆಳಗಾದ ಕ್ರಮ. ಅದನ್ನು ನೆಟ್ಟಗೆ ಮಾಡಲು ಹೊಸ ಕಾಯಿದೆಯೂ ಬೇಕಿಲ್ಲ, ಹೊಸ ಯೋಜನೆಯ ಹೆಸರೂ ಬೇಕಿಲ್ಲ. ಪಂಚಾಯಿತಿಯ ಒಂದು ಠರಾವು ಸಾಕು, ಅದನ್ನು ಮಂಡಿಸೆಂದು ಕೇಳುವ ಹತ್ತು ಮಂದಿ ಓದುಗರು ಸಾಕು.